ಶಬ್ದದ ವರ್ಗೀಕರಣ ಮತ್ತು ವರ್ಗೀಕರಿಸುವವನ ಹೊಣೆ

ವಸ್ತುಗಳನ್ನು ವಿಂಗಡಿಸಿ, ಹೆಸರಿಟ್ಟು, ಒಂದೊಂದನ್ನೂ ಅದರದರ ಸ್ಥಾನದಲ್ಲಿ ನಿಲ್ಲಿಸುವುದು ಜ್ಞಾನದ ಮೊದಲ ಕೆಲಸ. ಅಂಗಡಿಯ ದಾಸ್ತಾನಿನಿಂದ ಹಿಡಿದು ತತ್ತ್ವಗ್ರಂಥಗಳವರೆಗೆ ಈ ಕೆಲಸವಿಲ್ಲದೆ ಯಾವ ವ್ಯವಹಾರವೂ ಸಾಗದು. ಆದರೆ ವಿಂಗಡಣೆ ಯಾವ ಪ್ರಯೋಜನಕ್ಕಾಗಿ, ವಿಂಗಡಿಸುವವನು ಸ್ವತಃ ಯಾವ ವರ್ಗಕ್ಕೆ ಸೇರಿದವನು ಎಂಬ ಎರಡು ಪ್ರಶ್ನೆಗಳನ್ನು ಕೇಳುವವರು ವಿರಳ. ಈ ಪ್ರಶ್ನೆಗಳನ್ನು ಬಲವಾಗಿ ಎಬ್ಬಿಸುವ, ಆದರೆ ಎರಡನೆಯದಕ್ಕೆ ಪೂರ್ಣವಾಗಿ ಉತ್ತರಿಸದೆ ಬಿಡುವ ಕಲಾಕೃತಿಯೊಂದು ಕಳೆದ ದಶಕದಲ್ಲಿ ಯೂರೋಪಿನಲ್ಲಿ ರೂಪುಗೊಂಡಿತು. ಅದರ ಹೆಸರು 'ದಿ ಗ್ರೇಟ್ ಅನಿಮಲ್ ಆರ್ಕೆಸ್ಟ್ರಾ'. 'ಪ್ರಾಣಿಗಳ ಮಹಾವಾದ್ಯವೃಂದ' ಎಂದು ಕನ್ನಡದಲ್ಲಿ ಹೇಳಬಹುದು.

ಪ್ಯಾರಿಸ್ ನಗರದ ಕಾರ್ಟಿಯೇ ಸಮಕಾಲೀನ ಕಲಾ ಪ್ರತಿಷ್ಠಾನವು ಈ ಕೃತಿಯನ್ನು ಮಾಡಿಸಿತು. 2016ರ ಜುಲೈ ತಿಂಗಳಿನಿಂದ 2017ರ ಜನವರಿಯವರೆಗೆ ಅದು ಅಲ್ಲಿ ಪ್ರದರ್ಶಿತವಾಯಿತು. ಮುಂದೆ 2019ರಲ್ಲಿ ಲಂಡನ್ನಿನಲ್ಲಿಯೂ, ಬಳಿಕ ಅಮೆರಿಕದ ಕೆಲವು ನಗರಗಳಲ್ಲಿಯೂ ಜನರು ಅದನ್ನು ಕೇಳಿದರು. ಧ್ವನಿಯ ಭಾಗ ಅಮೆರಿಕದ ಬರ್ನಿ ಕ್ರೌಸ್ ಅವರದು. ದೃಶ್ಯದ ಭಾಗ ಲಂಡನ್ನಿನ 'ಯುನೈಟೆಡ್ ವಿಶುವಲ್ ಆರ್ಟಿಸ್ಟ್ಸ್' ಎಂಬ ಕಲಾವಿದರ ತಂಡದ್ದು. ಚಿತ್ರವೋ ಶಿಲ್ಪವೋ ಅಲ್ಲದ, ಒಂದು ಇಡೀ ಕೋಣೆಯನ್ನೇ ಕೃತಿಯನ್ನಾಗಿ ಮಾಡುವ ಈ ಬಗೆಗೆ ಪ್ರತಿಷ್ಠಾಪನಾ ಕಲೆ ಎಂದು ಹೆಸರು.

ಕೃತಿಯ ಸ್ವರೂಪ

ಕೋಣೆ ಕತ್ತಲೆಯಾಗಿರುತ್ತದೆ. ಕೇಳುಗರು ನೆಲದ ಮೇಲೆ ಕುಳಿತೋ ಒರಗಿಯೋ ಇರುತ್ತಾರೆ. ಸುತ್ತಲಿನ ಧ್ವನಿವರ್ಧಕಗಳಿಂದ ಏಳು ನೆಲೆಗಳ ಶಬ್ದ ಒಂದಾದ ಮೇಲೊಂದು ಕೇಳಿಬರುತ್ತದೆ: ಕೆನಡಾದ ಆಲ್ಗಾಂಕ್ವಿನ್ ಅರಣ್ಯ, ಕ್ಯಾಲಿಫೋರ್ನಿಯಾದ ಕ್ರೆಸೆಂಟ್ ಮೆಡೊ ಎಂಬ ಹುಲ್ಲುಬಯಲು, ಅಲಾಸ್ಕಾದ ಯೂಕಾನ್ ನದಿಯ ಮುಖಜಭೂಮಿ, ಬ್ರೆಜಿಲ್ ದೇಶದ ಅಮೆಜಾನ್ ಕಾಡು, ಮಧ್ಯ ಆಫ್ರಿಕಾ ಗಣರಾಜ್ಯದ ಜಾಂಗಾ-ಸಾಂಗಾ, ಜಿಂಬಾಬ್ವೆಯ ಒಣಕಾಡು ಮತ್ತು ಸಮುದ್ರ. ಗೋಡೆಗಳ ಮೇಲೆ ಅದೇ ಶಬ್ದದ ರೇಖಾರೂಪ ಬೆಳಕಾಗಿ ಸರಿಯುತ್ತದೆ. ಕಾಲವು ಅಡ್ಡಲಾಗಿ, ಶ್ರುತಿಯ ಏರಿಳಿತ ಮೇಲೆ ಕೆಳಗಾಗಿ, ಧ್ವನಿಯ ಬಲವು ಬೆಳಕಿನ ತೀವ್ರತೆಯಾಗಿ ಕಾಣುವ ಈ ನಕ್ಷೆಗೆ ಸ್ಪೆಕ್ಟ್ರೋಗ್ರಾಂ ಎನ್ನುತ್ತಾರೆ. ಗೋಡೆಯ ಬುಡದಲ್ಲಿ ತೆಳುವಾದ ನೀರಿನ ಕೊಳವಿದೆ. ಬಹು ತಗ್ಗಿನ ಶ್ರುತಿಗಳು ಬಂದಾಗ ಆ ನೀರು ಸಣ್ಣಗೆ ಅಲೆಯೇಳುತ್ತದೆ. ಕಿವಿಯು ಹಿಡಿಯಲಾರದ ಕಂಪನವನ್ನು ನೀರು ಹಿಡಿದು ತೋರಿಸುತ್ತದೆ.

ಕ್ರೌಸ್ 1938ರಲ್ಲಿ ಜನಿಸಿದವರು, ವೃತ್ತಿಯಿಂದ ಸಂಗೀತಗಾರರು. ವಿದ್ಯುನ್ಮಾನ ವಾದ್ಯವಾದ ಸಿಂಥಸೈಸರನ್ನು ಜನಪ್ರಿಯ ಸಂಗೀತಕ್ಕೂ ಚಲನಚಿತ್ರಗಳಿಗೂ ಪರಿಚಯಿಸಿದವರಲ್ಲಿ ಅವರೂ ಒಬ್ಬರು. 1968ರ ಸುಮಾರಿಗೆ ಧ್ವನಿಮುದ್ರಿಕೆಯೊಂದರ ಸಲುವಾಗಿ ಸ್ಯಾನ್ ಫ್ರಾನ್ಸಿಸ್ಕೊ ಸಮೀಪದ ಕಾಡಿಗೆ ಯಂತ್ರ ಹಿಡಿದು ಹೋದವರು, ಕ್ರಮೇಣ ಸ್ಟುಡಿಯೋವನ್ನು ಬಿಟ್ಟು ಕಾಡನ್ನೇ ಹಿಡಿದರು. ಅವರು ಸಂಗ್ರಹಿಸಿದ ಧ್ವನಿಯ ಅವಧಿ 5,000 ಗಂಟೆಗಳಿಗೂ ಹೆಚ್ಚು. ಅದರಲ್ಲಿ ಗುರುತಿಸಲಾದ ಜೀವಜಾತಿಗಳು ಸುಮಾರು 15,000. ಈ ಸಂಗ್ರಹದ ಅರ್ಧದಷ್ಟು ಭಾಗವು, ಇಂದು ಪೂರ್ತಿ ಮೌನವಾಗಿರುವ ಅಥವಾ ಮೊದಲಿನ ರೂಪದಲ್ಲಿ ಕೇಳಲಾಗದ ನೆಲೆಗಳಿಂದ ಬಂದುದೆಂದು ಅವರೇ ಹೇಳಿದ್ದಾರೆ. ಹಾಗೆ ನೋಡಿದರೆ ಪ್ಯಾರಿಸ್ಸಿನ ಆ ಕತ್ತಲ ಕೋಣೆಯಲ್ಲಿ ಕೇಳುವುದು ಕೇವಲ ವಾದ್ಯವೃಂದವಲ್ಲ. ಬಹುಮಟ್ಟಿಗೆ ಅದು ಅಳಿದುಹೋದವರ ದನಿ. 2017ರ ಅಕ್ಟೋಬರ್ ತಿಂಗಳಿನಲ್ಲಿ ಕ್ಯಾಲಿಫೋರ್ನಿಯಾದ ಕಾಳ್ಗಿಚ್ಚು ಕ್ರೌಸ್ ಅವರ ಮನೆಯನ್ನೂ ಉಪಕರಣಗಳನ್ನೂ ಸುಟ್ಟುಹಾಕಿತು. ಧ್ವನಿಸಂಗ್ರಹದ ಪ್ರತಿಗಳು ಬೇರೆಡೆ ಇದ್ದುದರಿಂದ ಮಾತ್ರ ಅದು ಉಳಿಯಿತು.

ವಿಂಗಡಣೆಯ ಹಳೆಯ ದಾರಿ, ಹೊಸ ದಾರಿ

ಕೃತಿಯ ಬೆಲೆಯನ್ನು ಅರಿಯಬೇಕಾದರೆ ಅದರ ಹಿಂದಿರುವ ವೈಜ್ಞಾನಿಕ ವರ್ಗೀಕರಣವನ್ನು ಅರಿಯಬೇಕು. ಸ್ವೀಡನ್ ದೇಶದ ಲಿನೇಯಸ್ 1735ರಲ್ಲಿ ಪ್ರಕಟಿಸಿದ 'ಸಿಸ್ಟೆಮಾ ನ್ಯಾಚುರೇ' ಎಂಬ ಕಿರುಹೊತ್ತಗೆಯಿಂದ ಆಧುನಿಕ ಜೀವಿವರ್ಗೀಕರಣ ಬೆಳೆಯಿತು. 1758ರಲ್ಲಿ ಹೊರಬಂದ ಅದರ ಹತ್ತನೆಯ ಆವೃತ್ತಿಯನ್ನು ಪ್ರಾಣಿಗಳ ವೈಜ್ಞಾನಿಕ ನಾಮಕರಣಕ್ಕೆ ಆರಂಭಬಿಂದುವೆಂದು ಇಂದಿಗೂ ಪರಿಗಣಿಸುತ್ತಾರೆ. ಅದು ಕಣ್ಣಿನ ವರ್ಗೀಕರಣ. ಹಲ್ಲು, ಗೊರಸು, ರೆಕ್ಕೆ, ಕೇಸರಗಳನ್ನು ಎಣಿಸಿ ಅಳೆದು ಜೀವಿಗಳನ್ನು ಬೇರ್ಪಡಿಸುವ ಕ್ರಮ. ಎಣಿಸಿ ಅಳೆಯಬೇಕಾದರೆ ಜೀವಿಯು ಅಲುಗಾಡಬಾರದು. ಆದ್ದರಿಂದ ವಸ್ತುಸಂಗ್ರಹಾಲಯಗಳ ಪೆಟ್ಟಿಗೆಗಳಲ್ಲಿ ಸೂಜಿ ಚುಚ್ಚಿದ ಪತಂಗಗಳೂ ಹತ್ತಿ ತುಂಬಿದ ಪಕ್ಷಿಗಳೂ ಸಾಲುಗೊಂಡವು. ಹೆಸರು ದೊರೆಯಿತು, ಹೆಸರು ಪಡೆದ ಜೀವ ಹೋಯಿತು.

ಶಬ್ದವನ್ನು ಸಂಗ್ರಹಿಸುವ ವಿದ್ಯೆ ಬಂದಾಗಲೂ ಮೊದಲು ಇದೇ ಮಾರ್ಗ ನಡೆಯಿತು. ತಿಳಿದುಬಂದಿರುವ ಹಕ್ಕಿಯ ಧ್ವನಿಮುದ್ರಣಗಳಲ್ಲಿ ಅತ್ಯಂತ ಹಳೆಯದು 1889ರದು. ಜರ್ಮನಿಯ ಲುಡ್ವಿಗ್ ಕೋಖ್ ಎಂಬವರು ಬಾಲಕರಾಗಿದ್ದಾಗ ಮೇಣದ ಉರುಳೆಯ ಮೇಲೆ ಒಂದು ಶಾಮಾ ಹಕ್ಕಿಯ ದನಿಯನ್ನು ಹಿಡಿದರು. ಶಾಮಾ ಭಾರತದ ಕಾಡುಗಳ ಗಾಯಕಪಕ್ಷಿ, ಪಶ್ಚಿಮ ಘಟ್ಟಗಳಲ್ಲಿಯೂ ಇರುವಂಥದು. ಮುದ್ರಣವಾದಾಗ ಆ ಹಕ್ಕಿ ತನ್ನ ಕಾಡಿನಿಂದ ಸಾವಿರಾರು ಮೈಲಿ ದೂರದಲ್ಲಿ, ಸಾಕಿದ ಹಕ್ಕಿಯಾಗಿ ಸೆರೆಯಲ್ಲಿತ್ತು. 1929ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ವಾಂಸರು ಬಯಲಿನಲ್ಲಿ ಸ್ವತಂತ್ರವಾಗಿರುವ ಹಕ್ಕಿಗಳ ದನಿಯನ್ನು ಹಿಡಿದರು. ಅಲ್ಲಿಯೂ ಗುರಿ ಒಂದೊಂದೇ ಹಕ್ಕಿ, ಉಳಿದುದೆಲ್ಲ ಅಡಚಣೆ. ಜೀವಿಯನ್ನು ಅದರ ನೆರೆಹೊರೆಯಿಂದ ಕಿತ್ತು ತೆಗೆದ ಮೇಲೆಯೇ ಅದರ ಹೆಸರು ಬರೆಯುವ ಪದ್ಧತಿ ಹೀಗೆ ಧ್ವನಿಗೂ ಬಂದಿತು.

ಕ್ರೌಸ್ ತಿರುಗಿಸಿದ್ದು ಈ ಪದ್ಧತಿಯನ್ನು. 1983ರಲ್ಲಿ ಕೀನ್ಯಾದ ಮಾಸಾಯಿ ಮಾರಾದಲ್ಲಿ ರಾತ್ರಿಯ ಧ್ವನಿಯನ್ನು ಇಡಿಯಾಗಿ ಮುದ್ರಿಸಿದ ಅವರು, ಅನಂತರ ಅದರ ನಕ್ಷೆಯನ್ನು ತೆಗೆದು ನೋಡಿದಾಗ ಕೀಟಗಳು ಒಂದು ಶ್ರುತಿಯಲ್ಲಿ, ಕಪ್ಪೆಗಳು ಇನ್ನೊಂದರಲ್ಲಿ, ಹಕ್ಕಿಗಳೂ ಮೃಗಗಳೂ ಬೇರೆ ಬೇರೆ ಎಡೆಗಳಲ್ಲಿ ದನಿಗೈಯುತ್ತಿದ್ದುದು ಕಂಡಿತು. ಸಂತೆಯಲ್ಲಿ ಪ್ರತಿಯೊಬ್ಬನಿಗೂ ತನ್ನ ಕಟ್ಟೆಯಿರುವಂತೆ ಕಾಡಿನ ಧ್ವನಿಯಲ್ಲಿಯೂ ಪ್ರತಿ ಜೀವಿಗೆ ತನ್ನ ತಾಣವಿದೆ. ಒಬ್ಬರ ದನಿಯನ್ನು ಇನ್ನೊಬ್ಬರು ಮುಚ್ಚದಂತೆ ಅವು ಕಾಲದಲ್ಲಿಯೂ ಶ್ರುತಿಯಲ್ಲಿಯೂ ಹೊಂದಿಕೊಂಡಿವೆ ಎಂಬುದು ಅವರು ಮುಂದಿಟ್ಟ ವಾದ. ಈ ವಾದ ಎಲ್ಲ ನೆಲೆಗಳಲ್ಲಿಯೂ ಒಂದೇ ಪ್ರಮಾಣದಲ್ಲಿ ರುಜುವಾತಾಗಿಲ್ಲ. ದನಿಗಳು ಪರಸ್ಪರ ಮುಸುಕುವ ಕಾಡುಗಳೂ ಉಂಟು. ವಾದ್ಯವೃಂದ ಎಂಬ ಹೋಲಿಕೆಯನ್ನು ಕೇಳುಗನು ಅಕ್ಷರಶಃ ತೆಗೆದುಕೊಳ್ಳಬಾರದು. ಅಲ್ಲಿ ನಿರ್ದೇಶಕನಿಲ್ಲ, ಶ್ರೋತೃವರ್ಗವೂ ಇಲ್ಲ. ಒಂದೊಂದು ಜೀವವೂ ಸಂಗಾತಿಯನ್ನು ಕರೆಯಲು, ಮರಿಯನ್ನು ಎಚ್ಚರಿಸಲು, ಎಲ್ಲೆಯನ್ನು ಸಾರಲು ದನಿಯೆತ್ತುತ್ತದೆ.

ಈ ಅನುಭವದ ಆಧಾರದ ಮೇಲೆ ಲೋಕದ ಶಬ್ದವೆಲ್ಲವನ್ನೂ ಮೂರು ವರ್ಗಗಳಾಗಿ ವಿಂಗಡಿಸಲಾಯಿತು. ಗಾಳಿ, ಮಳೆ, ತೊರೆ, ಅಲೆ, ಗುಡುಗುಗಳದು ಮೊದಲ ವರ್ಗ. ಇದಕ್ಕೆ ಜಿಯೊಫೊನಿ, ಎಂದರೆ ಭೂಧ್ವನಿ ಎಂದು ಹೆಸರು. ಮನುಷ್ಯೇತರ ಜೀವಿಗಳದು ಎರಡನೆಯದು, ಬಯೊಫೊನಿ, ಜೀವಧ್ವನಿ. ಮನುಷ್ಯನಿಂದ ಹುಟ್ಟುವ ಶಬ್ದವೆಲ್ಲ ಮೂರನೆಯದು, ಆಂತ್ರೊಫೊನಿ, ಮಾನವಧ್ವನಿ. ಮಾತು, ಸಂಗೀತಗಳಂತಹ ನಿಯಮಿತ ಶಬ್ದವೂ ಎಂಜಿನ್ನುಗಳ ಗದ್ದಲವೂ ಈ ಮೂರನೆಯದರ ಒಳಭೇದಗಳು. ಗೊರಸನ್ನೋ ಗರಿಯನ್ನೋ ಎಣಿಸದೆ, ಯಾವುದನ್ನೂ ಕೊಲ್ಲದೆ, ಸೆರೆಯಿಡದೆ, ದೂರದಲ್ಲಿ ಕುಳಿತು ಕೇಳಿಯೇ ಮಾಡಬಹುದಾದ ವರ್ಗೀಕರಣವಿದು. ಇದರ ನೈತಿಕ ಹಿರಿಮೆ ಇಲ್ಲಿದೆ.

ಕಣ್ಣು ಕಾಣದ ಹಿಂಸೆ

ಕಿವಿಯ ವರ್ಗೀಕರಣಕ್ಕೆ ಇನ್ನೊಂದು ಪ್ರಯೋಜನವಿದೆ. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಗಳಲ್ಲಿ ಲಿಂಕನ್ ಮೆಡೊ ಎಂಬ ಬಯಲಿದೆ. ಅಲ್ಲಿ ಆಯ್ದ ಮರಗಳನ್ನು ಮಾತ್ರ ಕಡಿಯುವುದರಿಂದ ಪರಿಸರಕ್ಕೆ ಯಾವ ಬಾಧೆಯೂ ಇಲ್ಲವೆಂದು ಮರ ಕಡಿಯುವವರು ಸ್ಥಳೀಯ ಜನರನ್ನು ಒಪ್ಪಿಸಿದ್ದರು. ಕಡಿತಕ್ಕೆ ಮುಂಚೆ, 1988ರಲ್ಲಿ, ಕ್ರೌಸ್ ಅಲ್ಲಿನ ಮುಂಜಾವಿನ ಧ್ವನಿಯನ್ನು ಮುದ್ರಿಸಿದರು. ಮರುವರ್ಷ ಅದೇ ಋತುವಿನಲ್ಲಿ, ಅದೇ ವೇಳೆಯಲ್ಲಿ, ಅದೇ ಬಗೆಯ ಹವೆಯಲ್ಲಿ ಮತ್ತೆ ಮುದ್ರಿಸಿದರು. ಛಾಯಾಚಿತ್ರದಲ್ಲಿ ಬಯಲು ಹಿಂದಿನಂತೆಯೇ ಹಸಿರಾಗಿತ್ತು. ಧ್ವನಿಯಲ್ಲಿ ಮಾತ್ರ ಹಕ್ಕಿಗಳ ಮೇಳ ಇಲ್ಲವಾಗಿತ್ತು. ಉಳಿದುದು ತೊರೆಯ ಸದ್ದು, ಒಂದು ಮರಕುಟಿಗದ ಕುಟುಕು. ಕಾಲು ಶತಮಾನದಲ್ಲಿ ಹದಿನೈದು ಬಾರಿ ಹಿಂದಿರುಗಿದರೂ ಹಿಂದಿನ ಸಮೃದ್ಧಿ ಮರಳಿಲ್ಲವೆಂದು 2013ರ ಉಪನ್ಯಾಸವೊಂದರಲ್ಲಿ ಅವರು ತಿಳಿಸಿದರು. ಕಣ್ಣು ಕೊಟ್ಟ ಸಾಕ್ಷ್ಯವನ್ನು ಕಿವಿ ಸುಳ್ಳೆಂದು ತೋರಿಸಿದ ಪ್ರಸಂಗವಿದು. ವ್ಯವಹಾರದಲ್ಲಿ ಹೇಳುವುದಾದರೆ, ಮೇಲ್ನೋಟಕ್ಕೆ ಜಮಾಖರ್ಚು ಸರಿಹೊಂದಿದಂತೆ ಕಂಡರೂ ಗಲ್ಲಾ ಪೆಟ್ಟಿಗೆ ಬರಿದಾಗಿತ್ತು.

ಮತ್ತೊಂದು ಪ್ರಸಂಗ ಅದೇ ಪ್ರಾಂತದ ಮೋನೊ ಸರೋವರದ್ದು. ಅಲ್ಲಿನ ನೆಲಗಪ್ಪೆಗಳು ರಾತ್ರಿಯಲ್ಲಿ ಒಟ್ಟುಗೂಡಿ ಒಂದೇ ಲಯದಲ್ಲಿ ದನಿಗೈಯುತ್ತವೆ. ದನಿ ಎಲ್ಲೆಡೆಯಿಂದಲೂ ಬರುವಂತೆ ತೋರುವುದರಿಂದ ಯಾವ ಕಪ್ಪೆ ಎಲ್ಲಿದೆಯೆಂದು ಬೇಟೆಗಾರ ಪ್ರಾಣಿಗೆ ತಿಳಿಯದು. ಒಮ್ಮೆ ಸೇನೆಯ ಜೆಟ್ ವಿಮಾನವೊಂದು ತಗ್ಗಿನಲ್ಲಿ ಹಾದುಹೋಯಿತು. ಕಪ್ಪೆಗಳ ಲಯ ಮುರಿಯಿತು. ಅದು ಮತ್ತೆ ಕೂಡಿಕೊಳ್ಳಲು ಮುಕ್ಕಾಲು ಗಂಟೆ ಹಿಡಿಯಿತು. ಆ ನಡುವೆ ಎರಡು ಕಯೋಟಿ ತೋಳಗಳೂ ಒಂದು ಗೂಬೆಯೂ ಬಂದು ಕೆಲವು ಕಪ್ಪೆಗಳನ್ನು ಹಿಡಿದವು. ವಿಮಾನ ನಡೆಸಿದವನಿಗೆ ಕಪ್ಪೆಗಳಿರುವುದೇ ತಿಳಿಯದು. ಕೊಲ್ಲುವ ಸಂಕಲ್ಪ ಅವನಲ್ಲಿರಲಿಲ್ಲ. ಅವನ ಕೈ ಯಾವ ಪ್ರಾಣಿಯನ್ನೂ ಮುಟ್ಟಲಿಲ್ಲ. ಆದರೂ ಅವನು ಎಬ್ಬಿಸಿದ ಶಬ್ದದಿಂದ ಪ್ರಾಣಹಾನಿಯಾಯಿತು. ಹಿಂಸೆಯನ್ನು ವಿವೇಚಿಸುವಾಗ ಕೇವಲ ದ್ವೇಷವನ್ನಲ್ಲದೆ ಪ್ರಮಾದವನ್ನೂ ಮುಖ್ಯವಾಗಿ ಎಣಿಸುವ ಪರಂಪರೆಯಲ್ಲಿ ಬೆಳೆದ ಓದುಗರಿಗೆ ಈ ಪ್ರಸಂಗದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಶಬ್ದವು ಮೈಯಿಲ್ಲದ ವಸ್ತುವೆಂದು ಲೋಕ ಭಾವಿಸುತ್ತದೆ. ಅದಕ್ಕೂ ತೂಕವುಂಟು, ಏಟುಂಟು.

ಗುಣ ಮತ್ತು ಕೊರತೆ

ಇಷ್ಟು ಸತ್ತ್ವವುಳ್ಳ ತಿಳಿವಳಿಕೆಯಿಂದ ಹುಟ್ಟಿದ ಕೃತಿಯನ್ನು ಕಲೆಯಾಗಿ ತೂಗಿದಾಗ ಎರಡು ಗುಣಗಳೂ ಎರಡು ಕೊರತೆಗಳೂ ತೋರುತ್ತವೆ.

ಅದರ ಮೊದಲ ಗುಣ ಸಂಯಮ. ಕಾಡಿನ ದನಿಗೆ ಹಿನ್ನೆಲೆಸಂಗೀತ ಬೆರೆಸಿಲ್ಲ, ಅಳುವಂತೆ ಪ್ರೇರೇಪಿಸುವ ವ್ಯಾಖ್ಯಾನವಿಲ್ಲ, ಪ್ರಾಣಿಗಳ ಛಾಯಾಚಿತ್ರಗಳಿಲ್ಲ. ಮುದ್ದಾದ ಮುಖವುಳ್ಳ ಪ್ರಾಣಿಗೆ ಮಾತ್ರ ಕರುಣೆ ತೋರುವ ದುರ್ಬಲತೆ ಮನುಷ್ಯನಲ್ಲಿದೆ. ಮುಖವನ್ನೇ ತೋರದಿರುವುದರಿಂದ ಕೀಟವೂ ಆನೆಯೂ ಇಲ್ಲಿ ಸಮಾನ ಮರ್ಯಾದೆ ಪಡೆಯುತ್ತವೆ. ಎರಡನೆಯ ಗುಣ, ಅದು ಕೇಳುಗನಿಂದ ಕಾಲವನ್ನು ಬೇಡುತ್ತದೆ. ಚಿತ್ರವನ್ನು ಒಂದು ನೋಟದಲ್ಲಿ ನೋಡಿ ಮುಂದೆ ಸಾಗಬಹುದು. ಕಾಡಿನ ರಾತ್ರಿಯನ್ನು ಹಾಗೆ ಕೇಳಲಾಗದು. ಕುಳಿತು, ಮಾತು ನಿಲ್ಲಿಸಿ, ಕಾಯಬೇಕು. ಮೌನವನ್ನು ಒಂದು ಸಾಧನೆಯೆಂದು ತಿಳಿದವರಿಗೆ ಈ ಬೇಡಿಕೆಯ ಮಹತ್ತ್ವ ತಟ್ಟನೆ ಹೊಳೆಯುತ್ತದೆ.

ಮೊದಲ ಕೊರತೆ ಗೋಡೆಯ ಮೇಲಿನ ಬೆಳಕು. ಕಣ್ಣು ವಂಚಿಸುತ್ತದೆ, ಕಿವಿಯನ್ನು ನಂಬಬೇಕು ಎಂಬುದು ಲಿಂಕನ್ ಮೆಡೊ ಕಲಿಸಿದ ಪಾಠ. ಆ ಪಾಠದ ಮೇಲೆ ನಿಂತ ಕೃತಿಯೇ ಕೇಳುಗನನ್ನು ನಂಬದೆ ಧ್ವನಿಯನ್ನು ಚಿತ್ರವಾಗಿ ಬಿಡಿಸಿ ತೋರಿಸುತ್ತದೆ. ಶ್ರುತಿಗಳ ಹಂಚಿಕೆಯನ್ನು ಅನನುಭವಿಗೆ ತಿಳಿಸಲು ನಕ್ಷೆ ಸಹಾಯಕವೆಂಬುದು ನಿಜ. ಆದರೆ ಹೊಳೆಯುವ ಬಣ್ಣದ ಎದುರಿನಲ್ಲಿ ಕಿವಿ ಸಹಜವಾಗಿ ಹಿಂದೆ ಸರಿಯುತ್ತದೆ. ನೀರಿನ ಕೊಳ ಈ ದೋಷಕ್ಕೆ ಒಳಗಾಗದು. ಅದು ಶಬ್ದವನ್ನು ಚಿತ್ರಿಸುವುದಿಲ್ಲ, ಶಬ್ದಕ್ಕೆ ಮಣಿಯುತ್ತದೆ. ಕೊಳವನ್ನು ಉಳಿಸಿ ಗೋಡೆಯನ್ನು ಕತ್ತಲಾಗಿಯೇ ಬಿಟ್ಟಿದ್ದರೆ ಕೃತಿ ಇನ್ನೂ ಪ್ರಾಮಾಣಿಕವಾಗುತ್ತಿತ್ತು.

ಎರಡನೆಯ ಕೊರತೆ ಇನ್ನೂ ಮೂಲಭೂತವಾದುದು. ಮೂರು ವರ್ಗಗಳಲ್ಲಿ ಭೂಧ್ವನಿ ಇಲ್ಲಿದೆ, ಜೀವಧ್ವನಿ ತುಂಬಿ ತುಳುಕುತ್ತಿದೆ. ಆ ನೆಲೆಗಳನ್ನು ಬರಿದು ಮಾಡಿದ ಮೂರನೆಯ ವರ್ಗಕ್ಕೆ ಮಾತ್ರ ವಾದ್ಯವೃಂದದಲ್ಲಿ ಪಾತ್ರವಿಲ್ಲ. ಕೊಡಲಿಯ, ಎಂಜಿನ್ನಿನ, ವಿಮಾನದ ಸದ್ದು ಹಿನ್ನೆಲೆಗೆ ಸರಿದುಹೋಗಿದೆ. ಶುದ್ಧವಾದ ಕಾಡಿನಲ್ಲಿ ಕೆಲಹೊತ್ತು ವಿಹರಿಸಿದ ತೃಪ್ತಿಯಿಂದ ಸಂದರ್ಶಕನು ಎದ್ದು ಹೊರಡಬಹುದು. ಕತ್ತಲಲ್ಲಿ ಮೌನವಾಗಿ ಕುಳಿತ ಕೇಳುಗನೇ ಆ ಮೂರನೆಯ ವರ್ಗ, ಅವನಿಗೆ ಅದು ತಾನಾಗಿಯೇ ಹೊಳೆಯಬೇಕು ಎಂದು ಸಮರ್ಥಿಸುವವರು ಇರಬಹುದು. ಹೊಳೆದರೆ ಒಳ್ಳೆಯದೇ. ಆದರೆ ಲೆಕ್ಕದ ಪುಸ್ತಕದಲ್ಲಿ ಎಲ್ಲರ ಖಾತೆಯನ್ನೂ ತೆರೆದು, ಬರೆದವನ ಖಾತೆಯ ಪುಟವನ್ನು ಮಾತ್ರ ಖಾಲಿ ಬಿಟ್ಟರೆ, ಓದುವವನು ಅದನ್ನು ತುಂಬಿಕೊಳ್ಳುವನೆಂಬ ಭರವಸೆ ಲೆಕ್ಕಪರಿಶೋಧಕನಿಗೆ ಸಾಲದು.

ಪೂಜ್ಯಪಾದರ ವಿಂಗಡಣೆ

ಈ ಖಾಲಿ ಪುಟದ ವಿಷಯವಾಗಿ ಕರ್ನಾಟಕದ ಜೈನ ಪರಂಪರೆಯ ಗ್ರಂಥವೊಂದನ್ನು ನೆನೆಯುವುದು ಯುಕ್ತ. ತತ್ತ್ವಾರ್ಥಸೂತ್ರಕ್ಕೆ ಪೂಜ್ಯಪಾದ ಆಚಾರ್ಯರು ಬರೆದ 'ಸರ್ವಾರ್ಥಸಿದ್ಧಿ' ಎಂಬ ವ್ಯಾಖ್ಯಾನದ ಐದನೆಯ ಅಧ್ಯಾಯದಲ್ಲಿ ಶಬ್ದವನ್ನು ಪುದ್ಗಲದ ಪರ್ಯಾಯವೆಂದು, ಎಂದರೆ ಜಡದ್ರವ್ಯದ ಒಂದು ಅವಸ್ಥೆಯೆಂದು ವಿವರಿಸಿ, ಬಳಿಕ ಅದರ ಭೇದಗಳನ್ನು ಹೇಳಲಾಗಿದೆ. ಶಬ್ದ ಎರಡು ಬಗೆ: ಭಾಷಾತ್ಮಕ ಮತ್ತು ಅಭಾಷಾತ್ಮಕ. ಭಾಷಾತ್ಮಕದಲ್ಲಿ ಅಕ್ಷರವುಳ್ಳದ್ದು, ಅಕ್ಷರವಿಲ್ಲದ್ದು ಎಂದು ಎರಡು. ಅಭಾಷಾತ್ಮಕದಲ್ಲಿ ಪ್ರಯತ್ನದಿಂದ ಹುಟ್ಟುವ ಪ್ರಾಯೋಗಿಕ, ಮೇಘಗರ್ಜನೆಯಂತೆ ಸ್ವಭಾವದಿಂದ ಹುಟ್ಟುವ ವೈಸ್ರಸಿಕ ಎಂದು ಎರಡು. ಚರ್ಮವಾದ್ಯ, ತಂತಿವಾದ್ಯ, ತಾಳಘಂಟೆ, ಕೊಳಲುಶಂಖಗಳ ನಾದವೆಲ್ಲ ಪ್ರಾಯೋಗಿಕ.

ವೈಸ್ರಸಿಕಕ್ಕೂ ಕ್ರೌಸ್ ಅವರ ಭೂಧ್ವನಿಗೂ ಇರುವ ಸಾಮ್ಯ ಸ್ಪಷ್ಟ. ಆದರೆ ಇದರಿಂದ ಪ್ರಾಚೀನರು ಎಲ್ಲವನ್ನೂ ಮೊದಲೇ ಕಂಡುಹಿಡಿದಿದ್ದರೆಂದು ಹಿಗ್ಗುವುದು ವಿವೇಕವಲ್ಲ. ಆಚಾರ್ಯರ ಮುಂದೆ ಧ್ವನಿನಕ್ಷೆಯಿರಲಿಲ್ಲ. ಕ್ರೌಸ್ ಅವರ ಮುಂದೆ ಕರ್ಮಸಿದ್ಧಾಂತವಿರಲಿಲ್ಲ. ಶಾಸ್ತ್ರದ ಇಂದ್ರಿಯಗಣನೆಯಲ್ಲಿ ಶ್ರವಣೇಂದ್ರಿಯ ಪಂಚೇಂದ್ರಿಯ ಜೀವಿಗಳಿಗೆ ಮಾತ್ರ ಸೇರಿದೆ. ಇಂದಿನ ಜೀವಶಾಸ್ತ್ರವೋ ಚಿಮ್ಮಂಡೆಯ ಮುಂಗಾಲಿನಲ್ಲಿಯೇ ಕಿವಿಯ ಅಂಗವನ್ನು ತೋರಿಸುತ್ತದೆ. ಒಂದು ವರ್ಗೀಕರಣ ಶರೀರವನ್ನು ತಿಳಿಯಲು ಹುಟ್ಟಿದುದು, ಇನ್ನೊಂದು ಆಚರಣೆಯನ್ನು ತಿದ್ದಿಕೊಳ್ಳಲು ಹುಟ್ಟಿದುದು. ಒಂದರಿಂದ ಇನ್ನೊಂದಕ್ಕೆ ಪ್ರಮಾಣಪತ್ರ ಕೇಳಬೇಕಾಗಿಲ್ಲ.

ಗಮನಿಸಬೇಕಾದುದು ಸಾಮ್ಯಕ್ಕಿಂತ ವ್ಯತ್ಯಾಸವನ್ನು. ಕ್ರೌಸ್ ಅವರ ವಿಂಗಡಣೆಯಲ್ಲಿ ಮನುಷ್ಯನೊಬ್ಬನೇ ಒಂದು ವರ್ಗ, ಉಳಿದ ಜೀವರಾಶಿಯೆಲ್ಲ ಇನ್ನೊಂದು. ಎರಡರ ನಡುವೆ ಗೋಡೆಯಿದೆ. ಪೂಜ್ಯಪಾದರ ವಿಂಗಡಣೆಯಲ್ಲಿ ಆ ಗೋಡೆಯಿಲ್ಲ. ಅಕ್ಷರವಿಲ್ಲದ ಭಾಷೆಗೆ ಅವರು ಹೇಳುವ ಒಡೆಯರು ಎರಡು ಇಂದ್ರಿಯಗಳ ಜೀವಿಯಿಂದ ಮೊದಲ್ಗೊಂಡ ಪ್ರಾಣಿಗಳು. ಆದ್ದರಿಂದ ಹುಳುವಿನ ಸದ್ದೂ ಪಂಡಿತನ ಮಾತೂ ಭಾಷೆ ಎಂಬ ಒಂದೇ ಮನೆಯೊಳಗೆ ವಾಸಿಸುತ್ತವೆ. ಬೇರೆಯಾಗಿರುವುದು ಕೋಣೆ ಮಾತ್ರ. ಮನುಷ್ಯನನ್ನು ಪ್ರತ್ಯೇಕ ವರ್ಗವಾಗಿ ಎತ್ತಿಟ್ಟಾಗ ಅವನನ್ನು ಕೃತಿಯಿಂದ ಹೊರಗಿಡುವುದೂ ಸುಲಭವಾಗುತ್ತದೆ. ಒಂದೇ ಮನೆಯವನೆಂದು ಎಣಿಸಿದಾಗ, ತನ್ನ ದನಿಯು ಪಕ್ಕದ ಕೋಣೆಯವರ ದನಿಯನ್ನು ಮುಚ್ಚುತ್ತಿದೆಯೇ ಎಂದು ಅವನು ಕೇಳಿಕೊಳ್ಳಲೇಬೇಕಾಗುತ್ತದೆ.

'ಪ್ರಾಣಿಗಳ ಮಹಾವಾದ್ಯವೃಂದ' ಈ ಪ್ರಶ್ನೆಯ ಹೊಸ್ತಿಲವರೆಗೆ ಕೇಳುಗನನ್ನು ಕರೆತರುತ್ತದೆ. ಅಷ್ಟು ದೂರ ತರುವ ಕೃತಿಗಳೇ ಅಪೂರ್ವ. ಆ ಕಾರಣದಿಂದ ಅದು ಗೌರವಕ್ಕೆ ಅರ್ಹ. ಕೊಲ್ಲದೆ ಕಟ್ಟದೆ ಅರಿಯಬಹುದೆಂದು ಅದು ತೋರಿಸಿತು. ಹಸಿರಾಗಿ ಕಾಣುವ ಬಯಲೂ ಬರಿದಾಗಿರಬಹುದೆಂದು ಅದರ ಹಿಂದಿನ ದುಡಿಮೆ ಸಿದ್ಧಪಡಿಸಿತು. ಹೊಸ್ತಿಲನ್ನು ದಾಟುವ ಕೆಲಸ ಕೇಳುಗನದಾಗಿ ಉಳಿಯಿತು. ಗಂಟಲಿನ, ಗಂಟೆಯ, ಧ್ವನಿವರ್ಧಕದ, ವಾಹನದ ಸದ್ದನ್ನು ಪ್ರತಿದಿನವೂ ಲೋಕಕ್ಕೆ ಸೇರಿಸುವ ಪ್ರತಿಯೊಂದು ಮನೆ, ಪ್ರತಿಯೊಂದು ಸಂಸ್ಥೆ ಆ ಖಾಲಿ ಪುಟದಲ್ಲಿ ತನ್ನ ಹೆಸರನ್ನು ಬರೆದುಕೊಂಡ ಮೇಲೆಯೇ ವಿಂಗಡಣೆ ಪೂರ್ಣವಾಗುತ್ತದೆ.